ತುಂಗ್ರಿಗಳ ಹಾಜರಿ ಪಟ್ಟಿ

ಮೇ ತಿಂಗಳು ಅಲ್ವಾ ಅಂತ ಒಂದೇ ಸ್ವೆಟರ್ ಹಾಕಿಕೊಂಡು ಹೊರಟಿದ್ದೆ. ಉತ್ತರ ಇಂಗ್ಲೆಂಡಿನ ಹೆಕ್ಸಮ್‌ನಲ್ಲಿ ರೈಲು ಇಳಿಯುವಾಗಲೇ ಜಿಟಿಜಿಟಿ ಮಳೆ. ಜೊತೆಗೆ ಬಂದ, ನ್ಯೂಕ್ಯಾಸಲ್‌ನಲ್ಲಿರುವ ತಂಗಿ ಮೊದಲೇ ಎಚ್ಚರಿಸಿದ್ದಳು: "ಅಲ್ಲಿ ಗಾಳಿ ಬೀಸೋದಿಲ್ಲ ಅಣ್ಣ, ಒದೆಯುತ್ತೆ." ನಾನು ಕೇಳಲಿಲ್ಲ. ಬಸ್ಸಿನ ನಂಬರು ಎಡಿ 122. ರೋಮಿನ ಹೇಡ್ರಿಯನ್ ಚಕ್ರವರ್ತಿ ಇಲ್ಲಿ ಕಟ್ಟಿಸಿದ ಗಡಿಗೋಡೆಯ ಕೆಲಸ ಶುರುವಾದದ್ದು ಕ್ರಿ.ಶ. 122ರಲ್ಲಿ, ಅದನ್ನೇ ಬಸ್ಸಿಗೆ ಇಟ್ಟಿದ್ದಾರೆ. ಇಂಥ ತಮಾಷೆ ನನಗೆ ಇಷ್ಟ.

ಎಲ್ಲರೂ ಈ ಕಡೆ ಬರುವುದು ಗೋಡೆ ನೋಡಲು. ನಾನು ಬಂದದ್ದು ರೋಮನ್ ಸೈನ್ಯದ ಒಂದು ತುಕಡಿಯನ್ನು ಹುಡುಕಿಕೊಂಡು. ಹೆಸರು ಕೊಹಾರ್ಸ್ ಪ್ರೈಮಾ ತುಂಗ್ರೋರುಮ್, ಅಂದರೆ ತುಂಗ್ರಿಗಳ ಮೊದಲ ತುಕಡಿ. ತೀರ್ಥಹಳ್ಳಿಯವನಿಗೆ ತುಂಗ್ರಿ ಅಂದ ಕೂಡಲೇ ತುಂಗೆ ನೆನಪಾಗುತ್ತಾಳೆ. ಸಂಬಂಧ ಏನೂ ಇಲ್ಲ ಬಿಡಿ. ಈ ಜನರ ಊರು ಇವತ್ತಿನ ಬೆಲ್ಜಿಯಂನ ಟೋಂಗರೆನ್ ಸುತ್ತಮುತ್ತ. ರೋಮನ್ ನಾಗರಿಕರಲ್ಲದವರನ್ನು ಸೇರಿಸಿಕೊಂಡು ಕಟ್ಟಿದ ಇಂಥ ಪಡೆಗಳಿಗೆ ಆಕ್ಸಿಲಿಯಾ ಅನ್ನುತ್ತಿದ್ದರು. 25 ವರ್ಷ ದುಡಿದರೆ ಕೊನೆಗೆ ಪೌರತ್ವ ಸಿಗುತ್ತಿತ್ತು. ಕ್ರಿ.ಶ. 83ರ ಸುಮಾರಿಗೆ ಸ್ಕಾಟ್ಲೆಂಡಿನ ಮಾನ್ಸ್ ಗ್ರಾಪಿಯಸ್ ಯುದ್ಧದಲ್ಲಿ ಮುಂದೆ ನುಗ್ಗಿದವರಲ್ಲಿ ಎರಡು ತುಂಗ್ರಿ ತುಕಡಿಗಳಿದ್ದವು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.

ಮೊದಲು ವಿಂಡೊಲಾಂಡಾ ಎಂಬ ರೋಮನ್ ಕೋಟೆ. ಗೋಡೆಯಿಂದ ಒಂದೂವರೆ ಕಿಲೋಮೀಟರ್ ದಕ್ಷಿಣಕ್ಕೆ, ಹಸಿರು ಬೋರೆಗಳ ನಡುವೆ ಇದೆ. ಮೇಲೆ ಕಾಣುವುದು ಮೊಣಕಾಲೆತ್ತರದ ಕಲ್ಲಿನ ಅಡಿಪಾಯ, ಸುತ್ತ ಕುರಿಗಳು. ನಿಜವಾದ ನಿಧಿ ಕೆಳಗೆ. ಗೋಡೆ ಏಳುವ ಮೊದಲೇ ಇಲ್ಲಿ ಮರದ ಕೋಟೆಗಳಿದ್ದವು. ಒಂದನ್ನು ಕೆಡವಿ, ಮೇಲೆ ಜೇಡಿಮಣ್ಣು ಹಾಸಿ, ಇನ್ನೊಂದು ಕಟ್ಟುತ್ತಿದ್ದರು. ಆ ಒದ್ದೆ ಮಣ್ಣಿನೊಳಗೆ ಗಾಳಿಯೇ ಆಡದ ಕಾರಣ ಚರ್ಮ, ಬಟ್ಟೆ, ಮರ ಯಾವುದೂ ಕೊಳೆಯಲಿಲ್ಲ. ಮ್ಯೂಸಿಯಂನಲ್ಲಿ ಚಪ್ಪಲಿ, ಬೂಟುಗಳ ಸಾಲು ನೋಡಿದರೆ ದೇವಸ್ಥಾನದ ಹೊರಗೆ ಬಿಟ್ಟು ಹೋದವರು ಇನ್ನೂ ಒಳಗಿದ್ದಾರೆ ಅನ್ನಿಸುತ್ತದೆ. ಮಕ್ಕಳ ಪುಟ್ಟ ಪಾದರಕ್ಷೆಗಳೂ ಇವೆ.

1973ರಲ್ಲಿ ರಾಬಿನ್ ಬರ್ಲಿ ಎಂಬ ಪುರಾತತ್ವಜ್ಞರಿಗೆ ಇದೇ ಮಣ್ಣಿನಲ್ಲಿ ತೆಳ್ಳಗಿನ ಮರದ ಹಾಳೆಗಳು ಸಿಕ್ಕವು. ಮೇಲೆ ಮಸಿಯ ಬರಹ. ಆಮೇಲೆ ನೂರಾರು ಸಿಕ್ಕಿವೆ. ಕಾಗದ, ಲೆಕ್ಕ, ರಜೆ ಅರ್ಜಿ, ಹುಟ್ಟುಹಬ್ಬದ ಕರೆಯೋಲೆ. ಅವುಗಳಲ್ಲಿ ಒಂದಕ್ಕಾಗಿಯೇ ನಾನು ಇಷ್ಟು ದೂರ ಬಂದಿದ್ದೆ.

ಅದು ತುಂಗ್ರಿಗಳ ಹಾಜರಿ ಪಟ್ಟಿ. ತಾರೀಖು ಮೇ 18, ಕಾಲ ಒಂದನೇ ಶತಮಾನದ ಕೊನೆ. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಬರೆದವನು ನಾನು. ಅಂಥವನಿಗೆ ಇದು ಎಷ್ಟು ಖುಷಿ ಕೊಟ್ಟಿರಬಹುದು ಯೋಚಿಸಿ. ತುಕಡಿಯ ಒಟ್ಟು ಸಂಖ್ಯೆ 752, ಅದರಲ್ಲಿ ಸೆಂಚುರಿಯನ್‌ಗಳು, ಅಂದರೆ ಸೈನಿಕರ ಗುಂಪಿನ ನಾಯಕರು, 6. ಕಮಾಂಡರ್ ಜೂಲಿಯಸ್ ವೆರೆಕುಂಡಸ್. ಇಷ್ಟು ಓದಿದರೆ ಕೋಟೆ ತುಂಬಾ ಸೈನಿಕರು ಗಿಜಿಗುಡುತ್ತಿದ್ದರು ಅನ್ನಿಸುತ್ತದೆ. ಮುಂದಿನ ಸಾಲು ನೋಡಿ: ಗೈರು 456! ಗವರ್ನರನ ಕಾವಲಿಗೆ 46 ಮಂದಿ. ಕೋರಿಯಾ ಎಂಬ ಕಡೆ, ಅಂದರೆ ಇವತ್ತಿನ ಕಾರ್ಬ್ರಿಜ್‌ನಲ್ಲಿ, 337. ಒಬ್ಬ ಸೆಂಚುರಿಯನ್ ಲಂಡನ್ನಿನಲ್ಲಿ. ಹೀಗೆ ಎಲ್ಲರೂ 'ಆನ್ ಡ್ಯೂಟಿ'. ಕೋಟೆಯಲ್ಲಿ ಉಳಿದವರು 296, ಅವರನ್ನು ನೋಡಿಕೊಳ್ಳಲು ಒಬ್ಬನೇ ಸೆಂಚುರಿಯನ್.

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದವರಲ್ಲಿ ಕಾಯಿಲೆಯವರು 15, ಗಾಯಾಳುಗಳು 6, ಕಣ್ಣುಬೇನೆಯವರು 10. ಕಣ್ಣುಬೇನೆಗೇ ಬೇರೆ ಸಾಲು! ಒಬ್ಬರಿಗೆ ಮದ್ರಾಸ್ ಐ ಬಂದರೆ ಇಡೀ ಹಾಸ್ಟೆಲಿಗೆ ಹಬ್ಬುವುದನ್ನು ಕಂಡವನಿಗೆ ಇದು ವಿಚಿತ್ರ ಅನ್ನಿಸಲಿಲ್ಲ. ಕಡೆಗೆ ಕೆಲಸಕ್ಕೆ ಗಟ್ಟಿಯಾಗಿ ಸಿಗುವವರು 265. ರೋಮಿನ ಸೈನ್ಯ ಅಂದರೆ ಸಿನಿಮಾದಲ್ಲಿ ಸಾಲುಸಾಲಾಗಿ ನಿಂತ ಗುರಾಣಿಗಳು. ಇಲ್ಲಿ ಗುಮಾಸ್ತನೊಬ್ಬ ಕೂಡಿ ಕಳೆದು ಕೂತಿದ್ದಾನೆ. ನನಗೆ ಅವನ ಮೇಲೇ ಪ್ರೀತಿ ಜಾಸ್ತಿ.

ಇದೇ ಕೋಟೆಯ ಇನ್ನೊಂದು ಲೆಕ್ಕದ ಹಾಳೆಯಲ್ಲಿ ಟಪ್ಪೋನ ಮಗ ಗಂಬಾಕ್ಸ್ ಎಂಬ ಸೈನಿಕನ ಹೆಸರಿದೆ. ಅವನ ಎದುರಿಗೆ ಬರೆದಿರುವುದು: ಮೆಣಸು, 2 ದಿನಾರಿ (ರೋಮನ್ ಬೆಳ್ಳಿ ನಾಣ್ಯ). ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬುತ್ತದಲ್ಲ, ಅದೇ ಕಾಳುಮೆಣಸು. ಆ ಕಾಲಕ್ಕೆ ರೋಮಿಗೆ ಅದು ಹೋಗುತ್ತಿದ್ದದ್ದು ನಮ್ಮ ಘಟ್ಟದ ಕೆಳಗಿನ ಮಲಬಾರ್ ಕರಾವಳಿಯಿಂದ, ಹಡಗಿನಲ್ಲಿ. ಈ ಚಳಿಯಲ್ಲಿ ನಿಂತರೆ ಗಂಬಾಕ್ಸ್ ಯಾಕೆ ದುಡ್ಡು ಬಿಚ್ಚಿದ ಅಂತ ತಕ್ಷಣ ಅರ್ಥವಾಗುತ್ತದೆ.

ಹೊರಡುವ ಮೊದಲು ಒಂದು ಸಮಾಧಿಕಲ್ಲಿನ ಮುಂದೆ ನಿಂತೆವು. ಟೈಟಸ್ ಆನಿಯಸ್, ಇದೇ ತುಕಡಿಯ ಸೆಂಚುರಿಯನ್. ಮುಂದಿನವರು ಅದನ್ನು ಸುಮ್ನೆ ಕಟ್ಟಡದ ಕಲ್ಲಾಗಿ ಬಳಸಿಕೊಂಡಿದ್ದರಿಂದ ಅಕ್ಷರ ತುಂಡಾಗಿವೆ. ಆದರೂ 'ಯುದ್ಧದಲ್ಲಿ ಸತ್ತ' ಎಂಬಷ್ಟು ಉಳಿದಿದೆ.

ಮಧ್ಯಾಹ್ನ ಚಪಾತಿ, ಚಟ್ನಿಪುಡಿ ಮುಗಿಸುವಷ್ಟರಲ್ಲಿ ಬಸ್ಸು ಕಣ್ಣೆದುರೇ ಹೋಯಿತು. ನಡೆದೇ ಬಿಡೋಣ ಅಂದೆ. ತಂಗಿ ನನ್ನ ಜೊತೆ ಅರ್ಧ ದಾರಿ ಮಾತಾಡಲಿಲ್ಲ.

ಹೌಸ್‌ಸ್ಟೆಡ್ಸ್ ಕೋಟೆ ದಿಣ್ಣೆಯ ನೆತ್ತಿಯ ಮೇಲಿದೆ. ಇದರ ಉತ್ತರದ ಗೋಡೆಯೇ ಹೇಡ್ರಿಯನ್ ಗೋಡೆ. ತುಂಗ್ರಿಗಳು ನೇರವಾಗಿ ಇಲ್ಲಿಗೆ ಬಂದವರಲ್ಲ. ನಡುವೆ ಸ್ಕಾಟ್ಲೆಂಡಿನಲ್ಲಿರುವ ಇನ್ನೊಂದು ರೋಮನ್ ಗೋಡೆ, ಆಂಟೊನೈನ್ ಗೋಡೆಯ ಮೇಲೆ ಕ್ಯಾಸಲ್‌ಕೇರಿಯಲ್ಲೂ ಕೆಲಸ ಮಾಡಿ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಆಮೇಲೆ ಇಲ್ಲಿ ನೆಲೆ ನಿಂತರು. ರೋಮನ್ ಆಳ್ವಿಕೆಯ ಕೊನೆಗಾಲದ ಪಟ್ಟಿಯಲ್ಲೂ ಈ ಕೋಟೆಯ ಎದುರಿಗೆ ಇವರದೇ ಹೆಸರು. ಅಷ್ಟೊತ್ತಿಗೆ ಟೋಂಗರೆನ್ ಕಂಡವರು ಯಾರಿದ್ದರೋ! ಹೆಸರು ಮಾತ್ರ ತುಂಗ್ರಿ. ಇಲ್ಲಿಯೇ ಸಿಕ್ಕ ಒಂದು ಕಲ್ಲಿನಲ್ಲಿ ಇವರು ಕ್ಲಾರಸ್‌ನ ಅಪೊಲೋ ದೇವರು ನುಡಿದಂತೆ ಎಲ್ಲ ದೇವದೇವತೆಯರಿಗೂ ಒಟ್ಟಿಗೆ ಕೈಮುಗಿದಿದ್ದಾರೆ. ಕ್ಲಾರಸ್ ಇರುವುದು ಇವತ್ತಿನ ಟರ್ಕಿಯಲ್ಲಿ.

ಎಲ್ಲರೂ ಫೋಟೋ ತೆಗೆಯುವುದು ಇಲ್ಲಿನ ಸಾಲು ಪಾಯಿಖಾನೆಯನ್ನು. ನಾವೂ ತೆಗೆದೆವು. ನನಗೆ ಬೇಕಾಗಿದ್ದದ್ದು ಮುಖ್ಯ ಕಟ್ಟಡದ ಹಿಂದಿನ ಆಸ್ಪತ್ರೆ. ನಡುವೆ ಅಂಗಳ, ಸುತ್ತ ಸಣ್ಣ ಕೋಣೆಗಳು. ಅಲ್ಲಿ ಗಾಳಿ ಸ್ವಲ್ಪ ಕಡಿಮೆ. ಒಂದು ಗೋಡೆಗೆ ಆತು ಕೂತೆ. ತಂಗಿ ತನ್ನ ಶಾಲು ಕೊಟ್ಟಳು, ಏನೂ ಅನ್ನದೆ.

ಮರುದಿನ ನ್ಯೂಕ್ಯಾಸಲ್‌ನ ಗ್ರೇಟ್ ನಾರ್ತ್ ಮ್ಯೂಸಿಯಂಗೆ ಹೋದೆವು. ಹೌಸ್‌ಸ್ಟೆಡ್ಸ್‌ನ ಇನ್ನೊಂದು ಸಮಾಧಿಕಲ್ಲು ಅಲ್ಲಿದೆ. ಅನಿಸಿಯಸ್ ಇಂಜೆನ್ಯೂಸ್, ತುಂಗ್ರಿಗಳ ಮೊದಲ ತುಕಡಿಯ ವೈದ್ಯ. ಬದುಕಿದ್ದು 25 ವರ್ಷ. ಹಾಜರಿ ಪಟ್ಟಿಯ ಆ ಕಣ್ಣುಬೇನೆಯವರಿಗೂ ಇವನಿಗೂ ನಡುವೆ ತಲೆಮಾರುಗಳೇ ಕಳೆದಿದ್ದವು. ಆದರೂ ನನ್ನ ಮನಸ್ಸು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿಬಿಟ್ಟಿತ್ತು. ಕಲ್ಲಿನ ಮೇಲ್ಭಾಗದಲ್ಲಿ ಒಂದು ಮೊಲ ಕೆತ್ತಿದ್ದಾರೆ.

"ಡಾಕ್ಟರಿಗೆ ಯಾಕಪ್ಪ ಮೊಲ?" ಅಂದಳು ತಂಗಿ.

ನಾನು ಉತ್ತರ ಹೇಳುವ ಮೊದಲೇ ನಾಲ್ಕು ಸಲ ಸೀನಿದೆ. ಮನೆಗೆ ಹೋಗುವ ದಾರಿಯಲ್ಲಿ ಅವಳು ಕಾಳುಮೆಣಸು ಕೊಂಡಳು, ಕಷಾಯಕ್ಕೆ.