ಗಾಳಿ ಟ್ಯಾಂಕೋ, ಕಂಪ್ರೆಸರೋ

ಕಳೆದ ಭಾನುವಾರ ಸಕಲೇಶಪುರದ ಕೆಸರು ದಾರಿಯಲ್ಲಿ ಹಿಡಿತ ಸಿಗಲೆಂದು ಜೀಪಿನ ನಾಲ್ಕೂ ಟೈರುಗಳ ಗಾಳಿಯನ್ನು 32 ಪಿಎಸ್‌ಐನಿಂದ 18ಕ್ಕೆ ಇಳಿಸಿಕೊಂಡಿದ್ದೆವು. ಅಷ್ಟು ಕಡಿಮೆ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರಿನ ಪಕ್ಕದ ಭಾಗ ಮತ್ತೆ ಮತ್ತೆ ಬಾಗಿ, ಕಾದು, ಹಾಳಾಗುತ್ತದೆ. ಹಾಗಾಗಿ ಹೆದ್ದಾರಿ ಸೇರುವ ಮೊದಲು ಗೆಳೆಯನ 20 ಲೀಟರಿನ ಗಾಳಿ ಟ್ಯಾಂಕನ್ನು ಕೆಳಗಿಳಿಸಿದೆವು. ಮೊದಲ ಟೈರು ನೋಡನೋಡುತ್ತಿದ್ದಂತೆ ತುಂಬಿತು, ಎರಡನೆಯದು ನಿಧಾನವಾಯಿತು, ಮೂರನೆಯದಕ್ಕೆ ಬರುವಷ್ಟರಲ್ಲಿ 120ರಲ್ಲಿದ್ದ ಮುಳ್ಳು 35ರ ಹತ್ತಿರ ಇಳಿದಿತ್ತು.

ಲೆಕ್ಕ ಸರಳವಾಗಿದೆ. ನಮ್ಮ ಜೀಪಿನ ಟೈರಿನೊಳಗೆ ಸುಮಾರು 60 ಲೀಟರ್ ಜಾಗವಿದ್ದು, 14 ಪಿಎಸ್‌ಐ ಏರಿಸಲು ಹೊರಗಿನ ಗಾಳಿ ಹೆಚ್ಚುಕಡಿಮೆ ಅಷ್ಟೇ ಬೇಕಾಗುವುದರಿಂದ, ಮುಳ್ಳು 120ರಿಂದ 35ಕ್ಕೆ ಇಳಿಯುವವರೆಗೆ ಆ ಟ್ಯಾಂಕಿನಿಂದ ಹೊರಬರುವ ಸುಮಾರು 115 ಲೀಟರ್ ಗಾಳಿ ಎರಡು ಟೈರುಗಳಿಗಷ್ಟೇ ಸಾಲುತ್ತದೆ. ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಇದಕ್ಕಿಂತ ಎಷ್ಟೋ ಮೇಲು, ಆದರೆ ನಾವು ಓಡಾಡುವ ಊರುಗಳಲ್ಲಿ ಅದನ್ನು ಮತ್ತೆ ತುಂಬಿಸಿಕೊಡುವವರು ನನಗೆ ಸಿಕ್ಕಿಲ್ಲ.

ನಾನು 12 ವೋಲ್ಟಿನ ಕಂಪ್ರೆಸರನ್ನೇ ಕೊಳ್ಳಲು ನಿರ್ಧರಿಸಿದ್ದೇನೆ. ಅದು ನಿಧಾನ, ಸದ್ದು ಬಹಳ, ನಡುವೆ ಆರಲು ಬಿಡಬೇಕು. ಆದರೂ ಎಂಜಿನ್ ಚಾಲೂ ಇರುವವರೆಗೆ ಗಾಳಿ ಮುಗಿಯುವುದಿಲ್ಲ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹೋಗುವ ಭಯವಿರುವುದರಿಂದ, ನೇರವಾಗಿ ಬ್ಯಾಟರಿಗೆ ಕ್ಲಿಪ್ ಹಾಕುವಂಥದನ್ನೇ ಹುಡುಕುತ್ತಿದ್ದೇನೆ. ಬಳಸುತ್ತಿರುವವರು ದಯವಿಟ್ಟು ತಿಳಿಸಿ, ನಾಲ್ಕು ಟೈರಿಗೆ ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ?