ಏನು ಒತ್ತಲಿ ಸರ್?

“ನಿಜವಾಗ್ಲೂ ಅಳಿಸಬೇಕಾ ಅಂತ ಕೇಳ್ತಿದೆ ಸರ್. ಏನು ಒತ್ತಲಿ?”

ಸೋಮವಾರ ಶಿಸ್ತು ಸಮಿತಿಯ ಮುಂದೆ ನಿಂತಿದ್ದ ಹುಡುಗಿ ಕೇಳಿದ ಮಾತು. ಇವತ್ತು ಶುಕ್ರವಾರ. ಇನ್ನೂ ಕಿವಿಯಲ್ಲೇ ಇದೆ.

ಮೇಜಿನ ಈ ಕಡೆ ನಾವು ಐದು ಜನ ಮೇಷ್ಟ್ರುಗಳು. ಆ ಕಡೆ ಅವಳೊಬ್ಬಳೇ. ಕೂರಲು ಕುರ್ಚಿ ಹಾಕಿರಲಿಲ್ಲ. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ ನಾಲ್ಕು ತಿಂಗಳಾದರೂ ಫಲಿತಾಂಶ ಬಂದಿಲ್ಲ ಅಂತ ಬರೆದಿದ್ದಳು, ವಿದ್ಯಾರ್ಥಿಗಳೇ ನಡೆಸುವ ಒಂದು ವೆಬ್‌ಸೈಟಿನಲ್ಲಿ. ಯಾರನ್ನೂ ಬೈದಿರಲಿಲ್ಲ. ಯಾವ ಯಾವ ದಿನ ಕಚೇರಿಗೆ ಹೋದೆ, ಯಾರು ಏನಂದು ವಾಪಸ್ ಕಳಿಸಿದರು ಅಂತ ತಾರೀಖಿನ ಸಮೇತ ಬರೆದಿದ್ದಳು, ಅಷ್ಟೇ. ಎರಡು ಸಲ ಓದಿದೆ. ಒಂದು ಸುಳ್ಳೂ ಸಿಗಲಿಲ್ಲ.

ಸಮಿತಿಯ ಅಧ್ಯಕ್ಷರು ಕೆಟ್ಟವರಲ್ಲ. ಫೀಸು ಕಟ್ಟಲಾಗದ ಎಷ್ಟೋ ಹುಡುಗರಿಗೆ ತಾವೇ ಓಡಾಡಿ ನೆರವು ಕೊಡಿಸಿದವರು. ಆದರೆ ಸಂಸ್ಥೆಯ ಹೆಸರಿನ ಮಾತು ಬಂದ ಕೂಡಲೇ ಅವರಿಗೆ ಎದುರಿಗಿರುವ ಮಕ್ಕಳು ಕಾಣುವುದಿಲ್ಲ. “ಇಲ್ಲೇ ಅಳಿಸಮ್ಮ, ನಮ್ಮ ಮುಂದೇನೇ” ಅಂದರು. ಅವಳು ಫೋನ್ ತೆಗೆದಳು. ಹೆಬ್ಬೆರಳು ಪರದೆಯ ಮೇಲೆ ಹೋಗಿ ನಿಂತಿತು. ಆಗ ತಲೆ ಎತ್ತಿ ಕೇಳಿದ್ದು, ಏನು ಒತ್ತಲಿ ಅಂತ.

ಯಾರೂ ಉತ್ತರ ಕೊಡಲಿಲ್ಲ. ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ನಾನು ಕಿಟಕಿ ಕಡೆ ನೋಡಿದೆ. ಸ್ವಲ್ಪ ಹೊತ್ತು ಕಾದು ಅವಳೇ ‘ಹೌದು’ ಒತ್ತಿದಳು. ಫೋನು ಕೂಡ ಒಂದು ಸಲ ಕೇಳಿತ್ತು, ನಿಜವಾಗ್ಲೂ ಬೇಕಾ ಅಂತ. ನಾವು ಐದು ಜನ ಒಬ್ಬರನ್ನೊಬ್ಬರು ಅಷ್ಟನ್ನೂ ಕೇಳಿಕೊಂಡಿರಲಿಲ್ಲ.

ಅವಳಿಗೆ ಕೊಟ್ಟ ನೋಟಿಸಿನಲ್ಲಿ ‘ಸಿಬ್ಬಂದಿಗೆ ಕಿರಿಕಿರಿ ಉಂಟುಮಾಡಿದ ಬರಹ’ ಅಂತ ಇತ್ತು. ಈ ಕಿರಿಕಿರಿ ಹಳೆಯದು. ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯ್ದೆಯ 66ಎ ಕಲಂನಲ್ಲೂ ಇದೇ ಮಾತು ಇತ್ತು, ಮೂರು ವರ್ಷದವರೆಗೆ ಜೈಲಿನ ಜೊತೆಗೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದರು. ಒಬ್ಬಳು ಬರೆದಿದ್ದಳು. ಇನ್ನೊಬ್ಬಳು ಲೈಕ್ ಒತ್ತಿದ್ದಳು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ರದ್ದು ಮಾಡಿತು. ಒಬ್ಬರಿಗೆ ಚುಚ್ಚಿದ ಮಾತು ಇನ್ನೊಬ್ಬರಿಗೆ ಚುಚ್ಚದಿರಬಹುದು, ಇಂಥದ್ದಕ್ಕೆ ಅಳತೆ ಎಲ್ಲಿದೆ ಅನ್ನುವುದು ಕೋರ್ಟಿನ ತರ್ಕ. ಕಾನೂನಿನಿಂದ ಹೋದ ಮಾತು ನಮ್ಮ ನೋಟಿಸಿನಲ್ಲಿ ಹಾಗೇ ಉಳಿದಿದೆ.

ಅಳಿಸಿದ ಮೇಲಾದರೂ ಸುಮ್ನೆ ಇರಬಹುದಿತ್ತು. ಕ್ಯಾಂಪಸ್ಸಿನ ವೈಫೈಯಲ್ಲಿ ಆ ವೆಬ್‌ಸೈಟನ್ನೇ ಬ್ಲಾಕ್ ಮಾಡಿಸಿದರು. ಕಂಪ್ಯೂಟರ್ ವಿಭಾಗದ ಹುಡುಗ ನನಗೆ ಬಿಡಿಸಿ ಹೇಳಿದ. ಈಗಿನ ವೆಬ್‌ಸೈಟುಗಳಲ್ಲಿ ಓಡಾಡುವ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ನೆಟ್‌ವರ್ಕಿನ ಕಾವಲಿಗಿರುವ ನಮ್ಮ ಫೈರ್‌ವಾಲಿಗೆ ಕಾಣುವುದು ಸೈಟಿನ ಹೆಸರು ಮಾತ್ರ, ಯಾವ ಪುಟ ಅಂತ ಕಾಣುವುದಿಲ್ಲ. ಹಾಗಾಗಿ ಮುಚ್ಚಿದರೆ ಪೂರ್ತಿ ಮುಚ್ಚಬೇಕು. ಹಳೇ ಪ್ರಶ್ನೆಪತ್ರಿಕೆಗಳು, ಸೀನಿಯರ್‌ಗಳ ನೋಟ್ಸು, ಎಲ್ಲ ಅದರಲ್ಲೇ ಇದ್ದವು. ಮೊಬೈಲ್ ಡೇಟಾ ಇರುವವರು ಈಗಲೂ ನೋಡುತ್ತಾರೆ. ಲೈಬ್ರರಿಯ ಕಂಪ್ಯೂಟರನ್ನೇ ನಂಬಿದವರಿಗೆ ಮಾತ್ರ ಇಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ. 2019ರಲ್ಲಿ ಕೇರಳ ಹೈಕೋರ್ಟ್ ಹಾಸ್ಟೆಲಿನ ಮೊಬೈಲ್ ನಿರ್ಬಂಧ ಒಪ್ಪದೆ ಹೊರಬಿದ್ದ ವಿದ್ಯಾರ್ಥಿನಿಯೊಬ್ಬಳ ಪರ ನಿಂತು, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಅಂದಿತ್ತು. ಸಮಿತಿಯಲ್ಲಿ ಅದನ್ನು ಹೇಳಬೇಕಾದವನು ನಾನೇ ಅಲ್ವಾ? ನನಗೆ ಗೊತ್ತಿತ್ತು. ಹೇಳಲಿಲ್ಲ.

ನಿನ್ನೆ ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಹತ್ತಿರ ಬಂದ. ಸಮಿತಿಗೂ ಅವನಿಗೂ ಏನೂ ಸಂಬಂಧವಿಲ್ಲ. “ಸರ್, ಅಸೈನ್‌ಮೆಂಟಲ್ಲಿ ನಮ್ಮ ಸ್ವಂತ ಅಭಿಪ್ರಾಯ ಬರೀಬಹುದಾ? ಏನೂ ತೊಂದ್ರೆ ಆಗಲ್ವಾ?” ಅಂದ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ದನಿ ತಗ್ಗಿಸಿ, ಬಾಗಿಲ ಕಡೆ ನೋಡಿಕೊಂಡು ಕೇಳಿದ.

ಬರಿ ಅಂದೆ. ರಾತ್ರಿ ಕೂತು ನಾನೂ ಒಂದು ಪುಟ ಬರೆದೆ. ಸಮಿತಿಯ ನಿರ್ಣಯಕ್ಕೆ ನಾನೂ ಸಹಿ ಹಾಕಿದ್ದು ತಪ್ಪು, ನನ್ನ ಸಹಿ ವಾಪಸ್ ಪಡೆಯುತ್ತಿದ್ದೇನೆ, ಸೈಟನ್ನು ತೆರೆಯಿರಿ, ಹುಡುಗಿಯ ಬರಹದಲ್ಲಿ ಸುಳ್ಳು ಯಾವುದು ತೋರಿಸಿ ಅಂತ. ಬೆಳಗ್ಗೆ ಅಧ್ಯಕ್ಷರ ಕೈಗೇ ಕೊಟ್ಟೆ. ಒಂದು ಪ್ರತಿಯನ್ನು ಅವಳಿಗೂ ಕೊಟ್ಟಿದ್ದೇನೆ.