ಹಿನ್ನೀರಿಗೆ ಹೊರಡುವ ಮುಂಚೆ ನೀರಿನ ಹೊತ್ತು ಕೇಳಿಕೊಳ್ಳಿ

ನಮ್ಮ ಹಾಸನದವರಿಗೆ ಹಿನ್ನೀರು ಅಂದ್ರೆ ಗೊರೂರು. ಮಳೆಗಾಲದಲ್ಲಿ ಹೇಮಾವತಿ ತುಂಬಿ ಶೆಟ್ಟಿಹಳ್ಳಿ ಚರ್ಚಿನ ಗೋಡೆ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದು ಮತ್ತೆ ಅದೇ ಗೋಡೆ ಕಾಣುತ್ತದೆ. ವರ್ಷಕ್ಕೆ ಒಂದು ಏರು, ಒಂದು ಇಳಿ. ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಕಡಲಿನ ಉಬ್ಬರ ಇಳಿತದಿಂದ ಇದು ದಿನಕ್ಕೆ ಎರಡೆರಡು ಸಲ ನಡೆಯುತ್ತದೆ. ಇಷ್ಟು ತಿಳಿದಿದ್ದರೆ ನಮ್ಮ ಮೊದಲನೇ ಪ್ರವಾಸ ಹಾಳಾಗುತ್ತಿರಲಿಲ್ಲ.

ಆ ಸಲ ಶಿರಾಡಿ ಇಳಿದು, ಮಧ್ಯಾಹ್ನ ಊಟ ಮುಗಿಸಿ, ಮೂರು ಗಂಟೆಗೆ ಕಯಾಕ್ ಬುಕ್ ಮಾಡಿದ್ದೆವು. ಫೋನಿನಲ್ಲಿ ದುಡ್ಡು ತೆಗೆದುಕೊಂಡವರು ಆ ಹೊತ್ತಿಗೆ ನೀರು ಇಳಿದಿರುತ್ತದೆ ಅಂತ ಹೇಳಲೇ ಇಲ್ಲ. ಉಪ್ಪು ನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರಿದಾದ ದಾರಿಗೆ ಹೋದವರು ಕೆಸರಿನಲ್ಲಿ ಸಿಕ್ಕಿಕೊಂಡೆವು. ಹುಟ್ಟು ಊರಿದರೆ ಮೊಣಕೈ ತನಕ ಕೆಸರು. ಬಿಸಿಲಿನಲ್ಲಿ ಮಗಳು ಅಳುತ್ತಾ ಕೂತಳು, ನೀರು ಏರುವ ತನಕ ನಮಗೆ ಬೇರೆ ದಾರಿಯೇ ಇರಲಿಲ್ಲ. ಆವತ್ತು ಬಂದ ಸಿಟ್ಟು ನನಗಿನ್ನೂ ಹೋಗಿಲ್ಲ.

ಈ ಜನವರಿಯಲ್ಲಿ ಮತ್ತೆ ಹೋದೆವು. ಅತ್ತೆಯೂ ಬಂದಿದ್ದರು. ಈ ಸಲ ರೂಮಿಗಿಂತ ಮೊದಲು ನೀರು ಯಾವಾಗ ಏರುತ್ತದೆ ಅಂತ ಕೇಳಿಕೊಂಡೆ. ಲೆಕ್ಕ ಕಷ್ಟದ್ದಲ್ಲ. ಒಂದು ಭರತಕ್ಕೂ, ಅಂದರೆ ನೀರು ಪೂರ್ತಿ ಏರುವ ಹೊತ್ತಿಗೂ, ಇನ್ನೊಂದಕ್ಕೂ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ, ಇವತ್ತು ಬೆಳಿಗ್ಗೆ ಏಳಕ್ಕೆ ತುಂಬಿದ್ದರೆ ನಾಳೆ ಏಳು ಐವತ್ತರ ಹೊತ್ತಿಗೆ. ಹುಣ್ಣಿಮೆ, ಅಮಾವಾಸ್ಯೆಗೆ ಏರೂ ಜಾಸ್ತಿ, ಇಳಿಯೂ ಜಾಸ್ತಿ. ದೋಣಿಯವರಿಗೆ ಇದೆಲ್ಲಾ ಬಾಯಿಪಾಠ.

ಬೆಂಗ್ರೆ ಅಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಹೋಗುವ ಮರಳಿನ ಪಟ್ಟಿ. ಅದರ ಮೇಲೇ ಮನೆ, ತೆಂಗು, ರಸ್ತೆ. ಸ್ವರ್ಣಾ, ಸೀತಾ ಎರಡೂ ಹೊಳೆಗಳು ಪಟ್ಟಿಯ ಹಿಂದೆ ಅಗಲವಾಗಿ ಹರಡಿಕೊಂಡು, ತುದಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಸೂರ್ಯ ಹುಟ್ಟುವುದು ಹೊಳೆ ಕಡೆ, ಮುಳುಗುವುದು ಕಡಲಿನ ಕಡೆ. ಎರಡನ್ನೂ ನೋಡಲು ರಸ್ತೆ ದಾಟಿದರೆ ಸಾಕು.

ಬೆಳಿಗ್ಗೆ ಆರೂವರೆಗೆ ದೋಣಿ ಹತ್ತಿದೆವು. "ನೀರ್ ಏರ್ತಾ ಇತ್ತ್ ಕಾಣಿ, ಕೂಕಣಿ" ಅಂದರು ದೋಣಿಯವರು. ಹೌದಲ್ವಾ ಅಂತ ನೋಡಿದರೆ ತೆಂಗಿನ ಗರಿಯೊಂದು ಕಡಲಿನ ಕಡೆಯಿಂದ ಘಟ್ಟದ ಕಡೆಗೆ ತೇಲಿಕೊಂಡು ಹೋಗುತ್ತಿತ್ತು. ಹೊಳೆ ಹಿಂದಕ್ಕೆ ಹರಿಯುತ್ತಿತ್ತು! ಹೇಮಾವತಿ ದಂಡೆಯಲ್ಲಿ ಬೆಳೆದ ನಾನು ಅದುವರೆಗೂ ಅಂಥದ್ದನ್ನು ಕಂಡಿರಲಿಲ್ಲ. ಅತ್ತೆ ಕೈ ಅದ್ದಿ ನೀರು ನಾಲಿಗೆಗೆ ತಾಗಿಸಿ "ಉಪ್ಪು" ಅಂದರು.

ಕಾಂಡ್ಲಾ ಗಿಡಗಳ ನಡುವೆ ಹೋಗಲು ಇದೇ ಸರಿಯಾದ ಹೊತ್ತು. ಬೇರುಗಳು ಕೊಡೆಯ ಕಡ್ಡಿಗಳ ಹಾಗೆ ಗಿಡದ ಸುತ್ತ ಕೆಳಗೆ ಇಳಿದಿರುತ್ತವೆ. ಕೆಲವು ಜಾತಿಯಲ್ಲಿ ಬೇರು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ತರ ಎದ್ದು ನಿಂತಿರುತ್ತದೆ. ಕೆಸರೊಳಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಅವು ಹೊರಗೆ ಬಂದು ಉಸಿರಾಡುತ್ತವೆ. ಬೀಜ ಕೂಡ ಮರದಲ್ಲಿ ಇದ್ದ ಹಾಗೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ನೇತಾಡುತ್ತಿತ್ತು. ಬಿದ್ದರೆ ಕೆಸರಿಗೆ ನೆಟ್ಟು ನಿಲ್ಲುತ್ತದೆ, ಇಲ್ಲವೇ ನೀರಿನ ಜೊತೆ ಬೇರೆ ಜಾಗಕ್ಕೆ ಹೋಗಿ ಬೇರು ಬಿಡುತ್ತದೆ. ಮೀನಿನ ಮರಿಗಳು ಬೆಳೆಯುವುದು ಈ ಬೇರುಗಳ ಸಂದಿಯಲ್ಲೇ. ಇಲ್ಲಿ ದಯವಿಟ್ಟು ಮೋಟಾರ್ ದೋಣಿ ಬೇಡ. ಹುಟ್ಟು ಹಾಕುವ ದೋಣಿಯಲ್ಲಿ ಸುಮ್ನೆ ಕೂತರೆ ಮಿಂಚುಳ್ಳಿ ಎದುರಿನ ಕೊಂಬೆಯಿಂದಲೇ ಮೀನಿಗೆ ಹಾರುತ್ತದೆ.

ನೀರು ಇಳಿದ ಮೇಲೆ ಏನು ಮಾಡುವುದು ಅಂತ ಕೇಳಬಹುದು. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಹೊಳೆ ನಡುವೆ ಮರಳಿನ ದಿಬ್ಬಗಳು ಏಳುತ್ತವೆ, ಬೆಳ್ಳಕ್ಕಿಗಳು ಬಂದಿಳಿಯುತ್ತವೆ. ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಕಾಲಿನಲ್ಲೇ ತಡಕಿ ಏನೋ ತೆಗೆಯುತ್ತಿದ್ದರು. "ಏನ್ ಹುಡುಕ್ತಿದೀಯವ್ವಾ?" ಅಂತ ದಡದಿಂದಲೇ ಅತ್ತೆ ಕೂಗಿದರು. "ಮರುವಾಯಿ ಅಮ್ಮ" ಅಂದರು ಅವರು. ಚಿಪ್ಪಿನೊಳಗಿನ ಮಾಂಸ. ಎರಡು ಸೇರು ಕೊಂಡೆವು. ನಾವು ಉಳಿದುಕೊಂಡಿದ್ದ ಮನೆಯ ಅಕ್ಕ ತೆಂಗಿನಕಾಯಿ ಹುರಿದು ಸುಕ್ಕ ಮಾಡಿದರು, ಜೊತೆಗೆ ನೀರ್ದೋಸೆ. ಕುಚ್ಚಲಕ್ಕಿ ಅನ್ನವೂ ಇತ್ತು, ಆದರೆ ಮಗಳು ದೋಸೆ ಬಿಟ್ಟು ಅತ್ತಿತ್ತ ನೋಡಲಿಲ್ಲ.

ಸಂಜೆಗೆ ಕೆಮ್ಮಣ್ಣಿನ ತೂಗು ಸೇತುವೆ ಇದೆ, ತಿಮ್ಮಣ್ಣ ಕುದ್ರುವಿಗೆ ಹೋಗುವುದು. ಕುದ್ರು ಅಂದರೆ ಹೊಳೆ ನಡುವಿನ ದ್ವೀಪ. ಅಲ್ಲಿ ಜನ ವಾಸವಾಗಿದ್ದಾರೆ, ಅದು ಅವರ ದಿನದ ದಾರಿ. ಸೇತುವೆ ನಡುವೆ ಅಡ್ಡ ನಿಂತು ಫೋಟೋ ತೆಗೆಯುವ ಬದಲು ದಾಟಿ ಆ ಕಡೆ ಒಂದು ಸುತ್ತು ನಡೆಯಿರಿ. ಇನ್ನೊಂದು ದಿನ ಇದ್ದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳು, ಸುಮಾರು 8.8 ಕೋಟಿ ವರ್ಷ ಹಳೆಯವು. ನೋಡಲೇಬೇಕಾದ ಜಾಗ, ಆದರೆ ಗದ್ದಲ ಜಾಸ್ತಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಳಿವೆ ಬಾಯಲ್ಲಿ ಈಜಬೇಡಿ. ಮೇಲೆ ನೋಡಿದರೆ ಕೆರೆಯಷ್ಟು ಶಾಂತ. ನೀರು ಇಳಿಯುವಾಗ ಎರಡು ಹೊಳೆಯ ನೀರೂ ಆ ಕಿರಿದಾದ ಬಾಯಿಂದಲೇ ಕಡಲಿಗೆ ನುಗ್ಗುತ್ತದೆ, ಒಳ್ಳೆ ಈಜುಗಾರರನ್ನೂ ಎಳೆದುಕೊಂಡು ಹೋಗುತ್ತದೆ. ದೋಣಿಯಲ್ಲಿ ಮಕ್ಕಳಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಲೇಬೇಡಿ. ಮಳೆಗಾಲದಲ್ಲಂತೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಹೋಗಿ, ಸೆಕೆ ಕಡಿಮೆ.

ಮುಂದಿನ ಸಲ ಹುಣ್ಣಿಮೆ ನೋಡಿಕೊಂಡು ಹೋಗೋಣ ಅಂತ ಅತ್ತೆ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.